ಹೊಸ ಮನೆಗೆ ಮಗು ಹೊಂದಿಕೊಳ್ಳಲು ಹಳೆಯ ಮನೆಗಳ ಕಥೆ: ಹಂತ ಹಂತವಾಗಿ

ಏಪ್ರಿಲ್, ಮೇ ಬಂತೆಂದರೆ ಒಂದೇ ಪ್ರಶ್ನೆಯನ್ನು ಹಲವರು ಕೇಳುತ್ತಾರೆ. ಶಾಲೆಗೆ ರಜೆ ಇರುವಾಗಲೇ ಬೆಂಗಳೂರಿನಲ್ಲಿ ಜಾಸ್ತಿ ಜನ ಮನೆ ಬದಲಾಯಿಸುವುದು ಅಲ್ವಾ? ಯಲಹಂಕದಿಂದ ಜೆ.ಪಿ. ನಗರಕ್ಕೆ, ಹಾಸನದಿಂದ ಕೆಂಗೇರಿಗೆ, ಬಾಡಿಗೆ ಮನೆಯಿಂದ ತಾತ ಕಟ್ಟಿಸಿದ ಮನೆಗೆ. ದೊಡ್ಡವರು ಪೇಂಟು, ಗ್ಯಾಸ್ ಕನೆಕ್ಷನ್, ಶಾಲೆಯ ವ್ಯಾನು ಅಂತ ಓಡಾಡುತ್ತಿರುತ್ತಾರೆ. ಮಗು ಮಾತ್ರ ರಾತ್ರಿ ಎದ್ದು ಕೂತು "ನಮ್ಮನೆಗೆ ಹೋಗೋಣ" ಅನ್ನುತ್ತದೆ. ಏನು ಮಾಡುವುದು?

ಇನ್ನೊಂದು ಪ್ರಶ್ನೆಯೂ ಆಗಾಗ ಬರುತ್ತದೆ. ನಮ್ಮ ಮನೆತನದ ಕಥೆಯನ್ನು ಮಕ್ಕಳಿಗೆ ಹೇಗೆ ದಾಟಿಸುವುದು, ಅವರು ಕೇಳುವುದೇ ಇಲ್ಲವಲ್ಲ ಅಂತ. ಈ ಎರಡನ್ನೂ ಒಟ್ಟಿಗೆ ಹಿಡಿದರೆ ಎರಡೂ ಸಲೀಸಾಗುತ್ತವೆ ಎಂಬುದು ನನ್ನ ನಂಬಿಕೆ. ಮನೆ ಬಿಟ್ಟು ಬಂದವರು ನಿಮ್ಮ ಕುಟುಂಬದಲ್ಲಿ ಈ ಮಗುವಿಗಿಂತ ಮೊದಲೇ ಎಷ್ಟೋ ಜನ ಇದ್ದಾರೆ. ಅಜ್ಜಿ ಮದುವೆಯಾಗಿ ಬಂದರು. ತಾತ ಕೆಲಸ ಹುಡುಕಿಕೊಂಡು ಬಂದರು. ನೀವೂ ಎಲ್ಲಿಂದಲೋ ಬಂದವರೇ. ಇದನ್ನು ನೀವು ಹೇಳಿದರೆ ಬುದ್ಧಿಮಾತಾಗುತ್ತದೆ. ಮಗುವೇ ಕೇಳಿ ತಿಳಿದುಕೊಂಡರೆ ಅದರ ಸ್ವಂತ ಸೊತ್ತಾಗುತ್ತದೆ. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ. ಆರರಿಂದ ಹದಿಮೂರು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಏನೇನು ಬೇಕು?

ಒಂದು ಲಾಂಗ್ ನೋಟ್‌ಬುಕ್, ಗೆರೆ ಇಲ್ಲದ ನಾಲ್ಕೈದು ದೊಡ್ಡ ಹಾಳೆ, ಪೆನ್ಸಿಲ್, ಧ್ವನಿ ರೆಕಾರ್ಡ್ ಮಾಡುವ ಫೋನು, ಮುಚ್ಚಳ ಇರುವ ಒಂದು ಡಬ್ಬ. ವಾರಕ್ಕೆ ಒಂದು ಗಂಟೆ, ಮೂರು ತಿಂಗಳು. ಅಷ್ಟೇ. ದುಡ್ಡು ಖರ್ಚು ಮಾಡುವ ಅಗತ್ಯವಿಲ್ಲ.

1. ಮೊದಲ ಎರಡು ವಾರ ಕಥೆ ಬೇಡ, ನಿದ್ದೆ ಬೇಕು

ಸಾಮಾನು ಬಿಚ್ಚುವಾಗ ಮಗುವಿನ ಪೆಟ್ಟಿಗೆಯನ್ನೇ ಮೊದಲು ಬಿಚ್ಚಿ. ಅಡುಗೆಮನೆ ಒಂದು ದಿನ ತಡವಾದರೂ ನಡೆಯುತ್ತದೆ. ಹಳೆಯ ಮನೆಯಲ್ಲಿ ಹೊದೆಯುತ್ತಿದ್ದ ಹೊದಿಕೆ, ದಿಂಬಿನ ಕವರನ್ನು ಕೆಲವು ದಿನ ತೊಳೆಯಬೇಡಿ. ಅದರಲ್ಲಿ ಹಳೆಯ ಮನೆಯ ವಾಸನೆ ಇರುತ್ತದೆ, ಮಗುವಿಗೆ ಅದೇ ಧೈರ್ಯ. ಊಟದ ಹೊತ್ತು, ಮಲಗುವ ಹೊತ್ತು ಹಿಂದಿನಂತೆಯೇ ಇರಲಿ. ಹಾಲು ಉಕ್ಕಿಸುವಾಗ ಒಲೆಯ ಪಕ್ಕ ಮಗುವನ್ನೂ ನಿಲ್ಲಿಸಿಕೊಳ್ಳಿ, ಯಾವ ಪಾತ್ರೆಯಲ್ಲಿ ಉಕ್ಕಿಸುವುದು ಅಂತ ಅದನ್ನೇ ಕೇಳಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಪ್ಯಾಕ್ ಮಾಡುವಾಗ ಮಗುವಿನ ಹಳೆಯ ಆಟಿಕೆಗಳನ್ನು ಕೇಳದೆ ಎಸೆದುಬಿಡುತ್ತೇವೆ. ನಾನೂ ಮಾಡಿದ್ದೇನೆ. ಒಂದು ಮುರಿದ ಲಾರಿಗಾಗಿ ನನ್ನ ಮಗ ವಾರಗಟ್ಟಲೆ ಅತ್ತಿದ್ದ. ದಯವಿಟ್ಟು ಕೇಳಿ ಎಸೆಯಿರಿ.

ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ಸಿಡುಕು, ಇವೆಲ್ಲ ಮೊದಮೊದಲು ಇರುತ್ತವೆ. ಬೈಯಬೇಡಿ. ಒಂದೂವರೆ ಎರಡು ತಿಂಗಳಾದರೂ ಕಡಿಮೆಯಾಗದಿದ್ದರೆ, ಊಟ ನಿದ್ದೆ ಎರಡೂ ಕೆಟ್ಟಿದ್ದರೆ, ಮಕ್ಕಳ ವೈದ್ಯರಿಗೆ ತೋರಿಸಿ. ಮಾತಾಡಿ ಸಲಹೆ ಕೇಳಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆಂದೇ ವಿಭಾಗವಿದೆ. ಅಲ್ಲಿಗೆ ಹೋಗುವುದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

2. ಮನೆಗಳ ನಕ್ಷೆ ಬರೆಸಿ

ಮೂರನೆಯ ವಾರ ಒಂದು ಭಾನುವಾರ ದೊಡ್ಡ ಹಾಳೆ ಹಾಸಿ ಕೂರಿ. ಬಿಟ್ಟು ಬಂದ ಮನೆಯನ್ನು ನೆನಪಿನಿಂದ ಬರೆಯಲು ಹೇಳಿ. ಬಾಗಿಲು ಎಲ್ಲಿತ್ತು, ಚಪ್ಪಲಿ ಎಲ್ಲಿ ಬಿಡುತ್ತಿದ್ದೆವು, ಮಳೆ ಬಂದರೆ ಎಲ್ಲಿ ಸೋರುತ್ತಿತ್ತು. ಅಳತೆ ಸರಿ ಇರಬೇಕಿಲ್ಲ. ಬರೆಯುತ್ತಾ ಅತ್ತರೆ ಅಳಲಿ, ಪಕ್ಕದಲ್ಲಿ ಕೂತಿರಿ. "ಅಯ್ಯೋ, ಈ ಮನೆ ಅದಕ್ಕಿಂತ ಎಷ್ಟು ದೊಡ್ಡದು ನೋಡು" ಅನ್ನಬೇಡಿ. ಮಗುವಿಗೆ ಚದರಡಿಯ ಲೆಕ್ಕ ಬೇಡ.

ಮುಂದಿನ ವಾರ ನೀವು ಬರೆಯಿರಿ, ನೀವು ಮಗುವಾಗಿದ್ದಾಗ ಇದ್ದ ಮನೆಯನ್ನು. ಅದರ ಮುಂದಿನ ವಾರ ಅಜ್ಜಿ ಬರೆಯಲಿ. ಅಜ್ಜಿಗೆ ಪೆನ್ಸಿಲ್ ಹಿಡಿಯಲು ಮುಜುಗರವಾದರೆ ಅವರು ಹೇಳುತ್ತಾ ಹೋಗಲಿ, ಮಗು ಬರೆಯಲಿ. ಅಜ್ಜಿ ದೂರದ ಊರಲ್ಲಿದ್ದರೆ ವಿಡಿಯೊ ಕಾಲ್‌ನಲ್ಲೂ ಆಗುತ್ತದೆ.

ಇಲ್ಲಿ ಅವಸರ ಮಾಡಬೇಡಿ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಹಂತ ಇದು. ಮಗು ಕೇಳದೇ ಇದ್ದ ಪದಗಳೆಲ್ಲ ಹೊರಗೆ ಬರುತ್ತವೆ. ಜಗುಲಿ ಅಂದರೆ ಮನೆ ಮುಂದಿನ ಕಟ್ಟೆ. ಪಡಸಾಲೆ ಅಂದರೆ ಒಳಗೆ ಕಾಲಿಟ್ಟೊಡನೆ ಸಿಗುವ ಉದ್ದನೆಯ ಹಜಾರ. ತೊಟ್ಟಿ ಅಂದರೆ ಮನೆಯ ನಡುವೆ ಆಕಾಶಕ್ಕೆ ತೆರೆದಿದ್ದ ಅಂಗಳ, ಮಳೆಯ ನೀರು ಅಲ್ಲೇ ಬೀಳುತ್ತಿತ್ತು. ಅಟ್ಟ, ಹಿತ್ತಿಲು, ಬಚ್ಚಲ ಹಂಡೆ, ಬಾವಿಯ ರಾಟೆ. ಪ್ರತಿಯೊಂದನ್ನೂ ನಕ್ಷೆಯಲ್ಲಿ ಅದರ ಹೆಸರಿನಿಂದಲೇ ಬರೆಸಿ. ನಿಮ್ಮ ಕಡೆ ಬೇರೆ ಪದ ಇದ್ದರೆ ಅದೇ ಇರಲಿ, ಪುಸ್ತಕದ ಪದಕ್ಕೆ ತಿದ್ದಬೇಡಿ.

ಆಮೇಲೆ ಎಲ್ಲ ನಕ್ಷೆಗಳನ್ನೂ ಸಾಲಾಗಿ ಇಟ್ಟು ಸುಮ್ಮನಿರಿ. ಒಬ್ಬೊಬ್ಬರೂ ಒಂದೊಂದು ಮನೆ ಬಿಟ್ಟು ಬಂದಿರುವುದು ಮಗುವಿನ ಕಣ್ಣಿಗೆ ತಾನಾಗಿ ಬೀಳುತ್ತದೆ.

3. ಕೇಳುವ ಕೆಲಸವನ್ನು ಮಗುವಿಗೇ ಕೊಡಿ

"ಅಜ್ಜಿ, ನಿಮ್ಮ ಬಾಲ್ಯದ ಬಗ್ಗೆ ಹೇಳಿ" ಅಂದರೆ ಯಾವ ಅಜ್ಜಿಯೂ ಏನೂ ಹೇಳುವುದಿಲ್ಲ. "ಏನಿತ್ತು ಮಗಾ, ಬರೀ ಕಷ್ಟ" ಅಂದು ಎದ್ದು ಹೋಗುತ್ತಾರೆ. ಪ್ರಶ್ನೆ ಚಿಕ್ಕದಾಗಿರಬೇಕು, ಕೈಗೆ ಸಿಗುವಂತಿರಬೇಕು. ಕೆಲವು ಇಲ್ಲಿವೆ:

"ಮದುವೆಯಾಗಿ ಆ ಮನೆಗೆ ಬಂದ ಮೊದಲ ರಾತ್ರಿ ನಿಂಗೆ ನಿದ್ದೆ ಬಂತಾ ಅಜ್ಜಿ?"
"ಅಳು ಬಂದಾಗ ಎಲ್ಲಿ ಹೋಗಿ ಕೂರ್ತಿದ್ದೆ?"
"ಆ ಮನೆಯಲ್ಲಿ ನಿನ್ನ ಜೊತೆ ಮೊದಲು ಮಾತಾಡಿದ್ದು ಯಾರು?"
"ತಾತ, ಬೆಂಗಳೂರಿಗೆ ಬಂದಾಗ ಕೈಯಲ್ಲಿ ಏನೇನಿತ್ತು? ಮೊದಲ ದಿನ ಎಲ್ಲಿ ಊಟ ಮಾಡಿದ್ರಿ?"
"ಅಮ್ಮನ ಪತ್ರ ಬಂದ್ರೆ ಯಾರು ಓದಿ ಹೇಳ್ತಿದ್ರು?"

ಮೊದಲ ಮೂರು ಪ್ರಶ್ನೆಗಳನ್ನು ಬಿಡಲೇಬೇಡಿ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಗೊತ್ತಿಲ್ಲದ ಮನೆಗೆ ಬಂದ ಅಜ್ಜಿಗೆ, ಮೊನ್ನೆ ಮೊನ್ನೆ ಮನೆ ಬದಲಾಯಿಸಿದ ಮಗುವಿನ ಸಂಕಟ ನಿಮಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಇಷ್ಟು ವರ್ಷ ಅವರನ್ನು ಯಾರೂ ಇದನ್ನು ಕೇಳಿರುವುದಿಲ್ಲ. ಇಂಥ ಮಾತುಕತೆ ನಡೆಯುವಾಗ ನೀವು ನಡುವೆ ಬಾಯಿ ಹಾಕಬೇಡಿ. ಸಾಧ್ಯವಾದರೆ ಅಡುಗೆಮನೆಗೋ ಬಾಲ್ಕನಿಗೋ ಹೋಗಿಬಿಡಿ, ಅದು ಇನ್ನೂ ಒಳ್ಳೆಯದು.

ರೆಕಾರ್ಡ್ ಮಾಡುವ ಮೊದಲು ಹಿರಿಯರನ್ನು ಕೇಳಿ. ಫ್ಯಾನ್ ನಿಲ್ಲಿಸಿ, ಕುಕ್ಕರ್ ಇಡುವ ಮೊದಲು ಕೂರಿ. ಫೋನನ್ನು ಮುಖದ ಹತ್ತಿರ ಹಿಡಿಯದೆ ಟೇಬಲ್ ಮೇಲೆ ಮಡಿಸಿದ ಟವೆಲ್ ಹಾಸಿ ಅದರ ಮೇಲಿಡಿ. ಹದಿನೈದು ನಿಮಿಷ ಸಾಕು. ಮುಗಿದ ಕೂಡಲೇ ಫೈಲಿಗೆ ದಿನಾಂಕ, ಯಾರು, ಯಾವ ವಿಷಯ ಅಂತ ಹೆಸರಿಡಿ. ನಾಳೆ ಇಡೋಣ ಅಂದುಕೊಂಡರೆ ವರ್ಷ ಕಳೆಯುತ್ತದೆ. ಇನ್ನೊಂದು ಕಡೆ ಒಂದು ನಕಲು ಇರಲಿ. ಫೋನ್ ಕಳೆದುಹೋಗಬಹುದು. ಅಜ್ಜಿಯ ದನಿ ಮತ್ತೆ ಸಿಗುವುದಿಲ್ಲ.

ಎಚ್ಚರಿಕೆ: ಕೇಳಿದ್ದನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಕೂಡಲೇ ಹಾಕಬೇಡಿ. ಅಜ್ಜಿ ಅತ್ತೆಯ ಬಗ್ಗೆ ಏನೋ ಹೇಳಿರುತ್ತಾರೆ, ಅದು ಅತ್ತೆಯ ಮೊಮ್ಮಕ್ಕಳ ಕಿವಿಗೆ ಬಿದ್ದರೆ ಮುಂದಿನ ಸಲ ಅಜ್ಜಿ ಬಾಯಿ ಬಿಡುವುದಿಲ್ಲ.

4. ವರ್ಷವನ್ನು ಗುರುತಿಸುವುದು

ಹಿರಿಯರು ಇಸವಿಯಲ್ಲಿ ಮಾತಾಡುವುದು ಕಡಿಮೆ. "ವಿಕಾರಿ ಸಂವತ್ಸರದಲ್ಲಿ ಹುಟ್ಟಿದ್ದು" ಅನ್ನುತ್ತಾರೆ. ಸಂವತ್ಸರ ಅಂದರೆ ನಮ್ಮ ಪಂಚಾಂಗದ ವರ್ಷ. ಒಟ್ಟು 60 ಹೆಸರುಗಳಿವೆ, ಮುಗಿದ ಮೇಲೆ ಮತ್ತೆ ಮೊದಲಿಂದ ಶುರು. ಲೆಕ್ಕ ಸುಲಭ. 2019ರ ಯುಗಾದಿಗೆ ಶುರುವಾದದ್ದು ವಿಕಾರಿ. ಅದರಿಂದ 60 ಕಳೆದರೆ 1959. ಅಜ್ಜಿ ಹುಟ್ಟಿದ್ದು ಆಗ. ನಾಲ್ಕನೇ ತರಗತಿಯ ಮಗುವೂ ಇದನ್ನು ಮಾಡುತ್ತದೆ, ಮಾಡಿ ಬೀಗುತ್ತದೆ. ಒಂದು ಸೂಕ್ಷ್ಮ ನೆನಪಿಡಿ. ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಹಾಗಾಗಿ ಸಂಕ್ರಾಂತಿ ಹೊತ್ತಿಗೆ ಹುಟ್ಟಿದವರಾದರೆ ಇಸವಿ ಒಂದು ಮುಂದಕ್ಕೆ ಹೋಗುತ್ತದೆ, 1960 ಆಗುತ್ತದೆ.

ಸಂವತ್ಸರವೂ ನೆನಪಿಲ್ಲದಿದ್ದರೆ ಊರಿಗೆಲ್ಲ ಗೊತ್ತಿದ್ದ ಘಟನೆಗೆ ಕಟ್ಟಿ ಕೇಳಿ. ಏಕೀಕರಣ 1956, ಹೊಸ ಪೈಸೆ ಬಂದದ್ದು 1957, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು 1973, ತುರ್ತು ಪರಿಸ್ಥಿತಿ 1975, ರಾಜ್‌ಕುಮಾರ್ ಅಪಹರಣ 2000, ನಮ್ಮ ಮೆಟ್ರೋ ಮೊದಲು ಓಡಿದ್ದು 2011. "ಅದಕ್ಕೆ ಮುಂಚೆನಾ, ಆಮೇಲಾ?" ಅಂದರೆ ಸಾಕು, ಉತ್ತರ ಬರುತ್ತದೆ.

ಶಾಲೆಯ ದಾಖಲೆಯ ಜನ್ಮದಿನವನ್ನು ಪೂರ್ತಿ ನಂಬಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಒಂದು ದಿನಾಂಕ ಹಾಕಿ ಬರೆದುಕೊಂಡದ್ದು ಎಷ್ಟೋ ಜನರ ಪಾಲಿಗೆ ನಿಜ. ಜೂನ್ 1 ಅಂತ ಕಂಡರೆ ಸ್ವಲ್ಪ ಅನುಮಾನ ಇರಲಿ. ನೋಟ್‌ಬುಕ್‌ನಲ್ಲಿ ಎರಡನ್ನೂ ಬರೆಸಿ, ದಾಖಲೆಯಲ್ಲಿರುವುದು ಒಂದು, ಅಜ್ಜಿ ಹೇಳಿದ್ದು ಇನ್ನೊಂದು.

5. ಟ್ರಂಕು, ಕಾಗದ, ಫೋಟೊ

ಮನೆ ಬದಲಾಯಿಸುವಾಗ ಅಟ್ಟದ ಮೇಲಿನ ಟ್ರಂಕು ಹೇಗೂ ಕೆಳಗಿಳಿಯುತ್ತದೆ. ಅದನ್ನು ಮತ್ತೆ ಮೇಲೇರಿಸುವ ಮೊದಲು ಮಗುವಿನ ಜೊತೆ ತೆರೆಯಿರಿ.

ಮೊದಲು ಹುಡುಕಬೇಕಾದ್ದು ಮದುವೆಯ ಕರೆಯೋಲೆ. ಒಂದೇ ಕಾಗದದಲ್ಲಿ ಎರಡೂ ಕಡೆಯ ಅಜ್ಜ ಅಜ್ಜಿಯರ ಹೆಸರು, ಊರು, ದಿನಾಂಕ, ಛತ್ರ, ಎಲ್ಲ ಇರುತ್ತದೆ. ಆಮೇಲೆ ಹಳೆಯ ರೇಷನ್ ಕಾರ್ಡ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಇನ್‌ಲ್ಯಾಂಡ್ ಪತ್ರಗಳು. ಊರಲ್ಲಿ ಜಮೀನಿದ್ದರೆ ಪಹಣಿ. ಪಹಣಿ ಅಂದರೆ ಯಾವ ಸರ್ವೆ ನಂಬರಿನ ಜಮೀನು ಯಾರ ಹೆಸರಲ್ಲಿದೆ, ಅದರಲ್ಲಿ ಏನು ಬೆಳೆದಿದ್ದಾರೆ ಎಂದು ಕಂದಾಯ ಇಲಾಖೆ ಇಡುವ ದಾಖಲೆ. ತಾತನ ತಾತ ರಾಗಿ ಬೆಳೆದರೋ ಭತ್ತವೋ ಎಂದು ಹಳೆಯ ಪಹಣಿಯಿಂದ ತಿಳಿದರೂ ತಿಳಿಯಬಹುದು. ಬೆಂಗಳೂರಿನಲ್ಲಿ ತಾತನಿಗೆ ಸೈಟು ಸಿಕ್ಕಿದ್ದರೆ ಹಂಚಿಕೆ ಪತ್ರ ನೋಡಿ. ಅದರ ಮೇಲೆ ಬಿ.ಡಿ.ಎ. ಬದಲು ಸಿ.ಐ.ಟಿ.ಬಿ. ಎಂದಿದ್ದರೆ ಅದು 1976ಕ್ಕಿಂತ ಹಿಂದಿನದು. ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಎಂಬ ಹಳೆಯ ಮಂಡಳಿಯ ಜಾಗಕ್ಕೆ ಬಿ.ಡಿ.ಎ. ಬಂದದ್ದು ಆ ವರ್ಷ.

ಹಳೆಯ ಲೆಕ್ಕದ ಪುಸ್ತಕ ಸಿಕ್ಕರೆ ಹಬ್ಬ ಅಂದುಕೊಳ್ಳಿ. 1957ಕ್ಕೆ ಮುಂಚಿನದಾದರೆ ಆಣೆಗಳಲ್ಲಿ ಇರುತ್ತದೆ. ಒಂದು ರೂಪಾಯಿಗೆ 16 ಆಣೆ. ಧಾನ್ಯ ಸೇರು, ಪಾವಿನ ಲೆಕ್ಕದಲ್ಲಿ. ನಾಲ್ಕು ಪಾವಿಗೆ ಒಂದು ಸೇರು. ಒಂದು ಪುಟದ ಖರ್ಚನ್ನು ಮಗುವಿನಿಂದ ಕೂಡಿಸಿ ನೋಡಿ.

ಮಾಡಬಾರದ್ದು: ಹಳೆಯ ಫೋಟೊವನ್ನು ಆಲ್ಬಂನಿಂದ ಕೀಳಬೇಡಿ, ಹರಿಯುತ್ತದೆ. ಕಾಗದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಮಾಡಿದರೆ ಬಿಡಿಸಲಾಗುವುದಿಲ್ಲ. ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದೆ ಅಚ್ಚು ಮೂಡುತ್ತದೆ. ಹೆಸರುಗಳನ್ನು ಬೇರೆ ಕವರಿನ ಮೇಲೆ ಬರೆದು ಫೋಟೊವನ್ನು ಅದರೊಳಗಿಡಿ. ನಕಲು ಬೇಕಾದರೆ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನಿನಲ್ಲಿ ತೆಗೆಯಿರಿ.

6. ವಂಶವೃಕ್ಷ

ಮೊದಲೊಂದು ಗೊಂದಲ ಬಿಡಿಸುತ್ತೇನೆ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರ ಬೇರೆ. ಅದು ಆಸ್ತಿಗೆ, ಪೌತಿ ಖಾತೆಗೆ ಬೇಕಾಗುವಂಥದ್ದು. ಪೌತಿ ಖಾತೆ ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು. ನಾವಿಲ್ಲಿ ಬರೆಯುವುದು ಮಗುವಿಗಾಗಿ. ಯಾವ ಕಚೇರಿಗೂ ಕೊಡುವುದಲ್ಲ.

ಮಗುವಿನ ಹೆಸರನ್ನು ಹಾಳೆಯ ಕೆಳಗೆ ನಡುವಿನಲ್ಲಿ ಬರೆಸಿ. ಮೇಲೆ ಎಡಕ್ಕೆ ಅಮ್ಮನ ಕಡೆ, ಬಲಕ್ಕೆ ಅಪ್ಪನ ಕಡೆ. ಮುತ್ತಜ್ಜಿ, ಮುತ್ತಾತನವರೆಗೆ ಹೋದರೆ ಸಾಕು. ಹಳೆಯ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ, ಮೂರು ಗಂಡು ಅಂತಷ್ಟೇ ಬರೆದಿರುತ್ತಾರೆ. ನೀವು ಹಾಗೆ ಮಾಡಬೇಡಿ. ಅಜ್ಜಿಗೆ ತವರಿನ ಹೆಸರು ಬೇರೆ ಇತ್ತೇ ಅಂತ ಕೇಳಿ. ಕೆಲವು ಮನೆಗಳಲ್ಲಿ ಮದುವೆಯಲ್ಲಿ ಹೆಸರು ಬದಲಾಯಿಸುತ್ತಿದ್ದರು. ಎರಡನ್ನೂ ಬರೆಸಿ.

ನಮ್ಮಲ್ಲಿ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ಬಹಳ. ಆಗ ಒಬ್ಬರೇ ಎರಡು ಜಾಗದಲ್ಲಿ ಬರುತ್ತಾರೆ, ಮಗು ತಬ್ಬಿಬ್ಬಾಗುತ್ತದೆ. ಹೆಸರನ್ನು ಒಂದೇ ಕಡೆ ಬರೆದು ಇನ್ನೊಂದು ಜಾಗಕ್ಕೆ ಚುಕ್ಕಿಗೆರೆ ಎಳೆಯಿರಿ. ತಾತನ ಹೆಸರೇ ಮೊಮ್ಮಗನಿಗೂ ಇದ್ದರೆ ಹುಟ್ಟಿದ ವರ್ಷ ಸೇರಿಸಿ.

ಇನಿಶಿಯಲ್‌ಗಳನ್ನು ಬಿಡಿಸಿ ನೋಡಿ. ಹಳೇ ಮೈಸೂರಿನ ಕಡೆ ಮೊದಲ ಅಕ್ಷರ ಹೆಚ್ಚಾಗಿ ಊರು, ಎರಡನೆಯದು ತಂದೆಯ ಹೆಸರು. ಮಗು ಮನೆಯಲ್ಲಿ ಎಂದೂ ಕೇಳದ ಒಂದು ಹಳ್ಳಿಯ ಹೆಸರು ಅಲ್ಲೇ ಅಡಗಿರಬಹುದು. ಉತ್ತರ ಕರ್ನಾಟಕದ ಕಡೆಯವರಾದರೆ ಅಡ್ಡಹೆಸರೇ ಸುಳಿವು. ಪಾಟೀಲ, ಕುಲಕರ್ಣಿ ಮೊದಲಾದವು ಊರಿನ ಹುದ್ದೆಯಿಂದ ಬಂದವು. ಆ ಕಡೆ ಹೆಳವರು ಎಂಬ ಸಮುದಾಯವಿದೆ. ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು, ಊರೂರು ಸುತ್ತಿ, ಮನೆ ಬಾಗಿಲಲ್ಲಿ ನಿಂತು ಹೇಳುವವರು. ನಿಮ್ಮ ಊರಿಗೆ ಈಗಲೂ ಅವರು ಬರುತ್ತಾರೆಯೇ ಎಂದು ದೊಡ್ಡಪ್ಪನನ್ನೋ ಕಾಕಾನನ್ನೋ ಕೇಳಿ. ಬರುವುದಾದರೆ ಆ ದಿನ ಮಗುವನ್ನು ಕರೆದುಕೊಂಡು ಹೋಗಿ. ಶಾಲೆ ಒಂದು ದಿನ ತಪ್ಪಿದರೂ ಪರವಾಗಿಲ್ಲ.

7. ಹೇಳಲು ಕಷ್ಟವಾದ ಸಂಗತಿಗಳು

ಮರ ಬರೆಯುತ್ತಾ ಹೋದರೆ ಇವು ಬಂದೇ ಬರುತ್ತವೆ. ಚಿಕ್ಕಂದಿನಲ್ಲೇ ತೀರಿಕೊಂಡ ಮಗು, ಎರಡನೆಯ ಮದುವೆ, ಮಾತು ಬಿಟ್ಟ ಅಣ್ಣತಮ್ಮಂದಿರು, ಸಾಲಕ್ಕೆ ಹೋದ ಜಮೀನು. ಸುಳ್ಳು ಹೇಳಬೇಡಿ. ಕೇಳಿದಷ್ಟಕ್ಕೆ, ವಯಸ್ಸಿಗೆ ತಕ್ಕಷ್ಟು ಹೇಳಿ. "ಅವರಿಬ್ಬರೂ ಮಾತಾಡಲ್ಲ. ಯಾಕೆ ಅಂತ ನೀನು ದೊಡ್ಡವಳಾದ ಮೇಲೆ ಹೇಳ್ತೀನಿ" ಅಂದರೆ ಮಗು ಒಪ್ಪಿಕೊಳ್ಳುತ್ತದೆ. ತೀರಿಕೊಂಡ ಮಗುವಿಗೂ ಮರದಲ್ಲಿ ಜಾಗ ಕೊಡಿ. ಅಜ್ಜಿಯನ್ನು ಒಮ್ಮೆ ಕೇಳಿ, ಹೆಸರಿಟ್ಟಿದ್ದರೆ ಹೆಸರನ್ನೂ ಬರೆಯಿರಿ.

ಜಾತಿಯ ಮಾತು ಬಂದಾಗ ನಿಮ್ಮ ಹಿರಿಯರು ಅನುಭವಿಸಿದ್ದನ್ನೂ, ಮಾಡಿದ್ದನ್ನೂ ಎರಡನ್ನೂ ಹೇಳುವ ಧೈರ್ಯ ಬೇಕು. ಯಾರನ್ನು ಬಾವಿಯ ಹತ್ತಿರ ಬಿಡುತ್ತಿರಲಿಲ್ಲ, ಯಾರು ಜಗುಲಿ ಹತ್ತುವಂತಿರಲಿಲ್ಲ ಎಂಬುದು ನೀವು ಬರೆದ ನಕ್ಷೆಯಲ್ಲೇ ಇದೆ. ಹೆಮ್ಮೆಯ ಕಥೆಗಳನ್ನಷ್ಟೇ ಆರಿಸಿ ಕೊಟ್ಟರೆ ಮಗು ಒಂದಲ್ಲ ಒಂದು ದಿನ ಬೇರೆಯವರ ಬಾಯಿಂದ ಉಳಿದದ್ದನ್ನು ಕೇಳುತ್ತದೆ.

ದತ್ತು ಬಂದ ಮಗುವಾದರೆ ಈ ಮನೆಯ ಮರ ಪೂರ್ತಿ ಅದರದ್ದೇ, ಚುಕ್ಕಿಗೆರೆ ಬೇಡ. ಬೇಕಿದ್ದರೆ ಮಗುವಿನ ಹೆಸರಿನ ಕೆಳಗೆ ಬೇರು ಬರೆಯಲು ಜಾಗ ಬಿಡಿ. ಅಲ್ಲಿ ಏನು ಬರೆಯಬೇಕು, ಯಾವಾಗ ಬರೆಯಬೇಕು ಅನ್ನುವುದು ಮಗುವಿಗೆ ಬಿಟ್ಟದ್ದು. ಶಾಲೆಯಲ್ಲಿ ವಂಶವೃಕ್ಷ ಬರೆಸುವ ಹೋಮ್‌ವರ್ಕ್ ಬಂದಾಗ ಟೀಚರ್ ಹತ್ತಿರ ಮುಂಚೆಯೇ ಮಾತಾಡಿಕೊಳ್ಳಿ.

8. ಊರಲ್ಲಿ ನಡೆದು ನೋಡಿ

ಮೊದಲು ತಾತ ಬಂದಿಳಿದ ಜಾಗ. ಬಸ್ಸಲ್ಲಿ ಬಂದವರಾದರೆ ಮೆಜೆಸ್ಟಿಕ್. ಆ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು ಅಂತ ಮಗುವಿಗೆ ಹೇಳಿ, ನಂಬುವುದಿಲ್ಲ. ಕಂಠೀರವ ಕ್ರೀಡಾಂಗಣವೂ ಸಂಪಂಗಿ ಕೆರೆಯ ಜಾಗವೇ. ಅಲ್ಲಿಂದ ತಾತನ ಮೊದಲ ಬಾಡಿಗೆ ರೂಮಿನ ಬೀದಿಗೆ, ಆಮೇಲೆ ಅವರು ಕೆಲಸ ಮಾಡಿದ ಕಡೆಗೆ ಹೋಗಿ. ಎಚ್.ಎ.ಎಲ್. 1940ರಲ್ಲಿ, ಐ.ಟಿ.ಐ. 1948ರಲ್ಲಿ, ಎಚ್.ಎಂ.ಟಿ. 1953ರಲ್ಲಿ, ಬಿ.ಇ.ಎಲ್. 1954ರಲ್ಲಿ, ಹೀಗೆ ದೊಡ್ಡ ಕಾರ್ಖಾನೆಗಳು ಶುರುವಾದವು. ಬೆಂಗಳೂರಿನ ಎಷ್ಟೋ ಮನೆಗಳ ಕಥೆ ಇವುಗಳ ಗೇಟಿನಿಂದಲೇ ಹೊರಡುತ್ತದೆ. ಒಳಗೆ ಬಿಡದಿದ್ದರೂ ಗೇಟಿನ ಮುಂದೆ ನಿಂತು ಒಂದು ಫೋಟೊ ತೆಗೆಯಿರಿ. ಸಾಧ್ಯವಾದಷ್ಟು ಬಿ.ಎಂ.ಟಿ.ಸಿ. ಬಸ್ಸಲ್ಲೇ ಹೋಗಿ. ಕಾರಲ್ಲಿ ಹೋದರೆ ಮಗು ಫೋನ್ ನೋಡುತ್ತದೆ.

ಹೊಸ ಮನೆಯ ಸುತ್ತಲಿಗೂ ಹಳೆಯ ಕಥೆ ಇರುತ್ತದೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ವೀರಗಲ್ಲಿನ ಶಾಸನದಲ್ಲಿ ಬೆಂಗುಳೂರು ಎಂಬ ಹೆಸರಿದೆ. ವೀರಗಲ್ಲು ಅಂದರೆ ಕಾಳಗದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ ಕೆತ್ತಿದ ಕಲ್ಲು. ಹೆಬ್ಬಾಳದ ಕಿತ್ತಯ್ಯನ ಶಾಸನ ಇನ್ನೂ ಹಳೆಯದು, ಸುಮಾರು 750ರದ್ದು. ನಿಮ್ಮದು ನಿನ್ನೆ ಮೊನ್ನೆ ಆದ ಬಡಾವಣೆಯಾದರೆ ಹತ್ತಿರದ ಹಳೆಯ ಊರನ್ನು ಹುಡುಕಿ. ಅರಳಿಕಟ್ಟೆ, ಮಾರಮ್ಮನ ಗುಡಿ, ಹೆಂಚಿನ ಮನೆಗಳ ಒಂದು ಬೀದಿ ಸಿಕ್ಕೇ ಸಿಗುತ್ತದೆ. ಕಟ್ಟೆಯ ಮೇಲೆ ಕೂತ ಹಿರಿಯರನ್ನು ಮಗು ಕೇಳಲಿ, "ತಾತಾ, ನಮ್ಮ ಮನೆ ಇರೋ ಜಾಗದಲ್ಲಿ ಮುಂಚೆ ಏನಿತ್ತು?" ರಾಗಿ ಹೊಲ ಅಂತಾರೋ, ಮಾವಿನ ತೋಪು ಅಂತಾರೋ, ಬರೆದುಕೊಳ್ಳಿ.

ಮೂಲದ ಹಳ್ಳಿಗೆ ಹೋಗುವುದಾದರೆ ಜಾತ್ರೆಯ ದಿನ ಹೋಗಿ. ಬೇರೆ ದಿನ ಹೋದರೆ ಬೀಗ ಹಾಕಿದ ಮನೆಗಳು ಸಿಗುತ್ತವೆ. ಮನೆದೇವರ ಜಾತ್ರೆಗೆ ಎಲ್ಲ ಕಡೆಯಿಂದಲೂ ನೆಂಟರು ಬಂದಿರುತ್ತಾರೆ, ಮರದಲ್ಲಿ ಖಾಲಿ ಉಳಿದ ಹೆಸರುಗಳು ಒಂದೇ ದಿನದಲ್ಲಿ ತುಂಬುತ್ತವೆ.

ಇಷ್ಟಾದ ಮೇಲೆ ಇನ್ನೊಂದು ದೊಡ್ಡ ಹಾಳೆ ತೆಗೆಯಿರಿ. ಈಗಿನ ಮನೆಯ ನಕ್ಷೆ. ಇದನ್ನು ಇಷ್ಟು ದಿನ ಬರೆಸದೆ ಇಟ್ಟುಕೊಂಡದ್ದು ಬೇಕೆಂದೇ. ಹಾಲು ಉಕ್ಕಿಸಿದ ಜಾಗ, ಚಪ್ಪಲಿ ಬಿಡುವ ಜಾಗ, ಅಳು ಬಂದಾಗ ಕೂರುವ ಜಾಗ, ಎಲ್ಲವನ್ನೂ ಗುರುತು ಮಾಡಲಿ. ಮೂಲೆಯಲ್ಲಿ ದಿನಾಂಕ, ಸಂವತ್ಸರ, ತನ್ನ ಹೆಸರು ಬರೆಯಲಿ. ಉಳಿದ ನಕ್ಷೆಗಳ ಜೊತೆ ಡಬ್ಬಕ್ಕೆ ಹಾಕಿ, ಡಬ್ಬವನ್ನು ಮಗುವಿನ ಕೈಗೆಟುಕುವ ಶೆಲ್ಫಿನಲ್ಲಿಡಿ.